28 ಇಂಚು ಅಂದರೆ ಯಾವ 28? ಸೈಕಲ್ ಟಯರಿನ ಅಳತೆ ಕುರಿತು ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಸೈಕಲ್ಲಿನ ಟಯರು, ಟ್ಯೂಬು, ರಿಮ್ಮುಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಬಹುತೇಕ ಪತ್ರಗಳಲ್ಲಿರುವುದು ಒಂದೇ ತೊಂದರೆ: ಇಂಚಿನ ಹೆಸರು ನಂಬಿ ಟಯರು ಕೊಂಡು ದುಡ್ಡು ಕಳೆದುಕೊಂಡದ್ದು. ಅದಕ್ಕೇ ಮೊದಲ ಉತ್ತರ ಉದ್ದವಾಗಿದೆ. ಉಳಿದದ್ದಕ್ಕೆ ಹೋಗುವ ಮುಂಚೆ ಅದನ್ನು ಓದಿ.

ಮನೆಯಲ್ಲಿ ಅಪ್ಪನ ಕಾಲದ ಕರಿ ಸೈಕಲ್ ಇದೆ. ಹಳೇ ಟಯರಿನ ಮೇಲೆ 28 × 1½ ಅಂತ ಇತ್ತು. ಆನ್‌ಲೈನ್‌ನಲ್ಲಿ 28 × 1.75 ಟಯರ್ ತರಿಸಿದೆ. ಎಷ್ಟು ಜಗ್ಗಿದರೂ ರಿಮ್ಮಿನ ಮೇಲೆ ಕೂರುತ್ತಿಲ್ಲ. ರಿಮ್ಮೇ ಸೊಟ್ಟಗಾಗಿದೆ, ಬದಲಿಸಿ ಅನ್ನುತ್ತಾರೆ ಅಂಗಡಿಯವರು. ಬದಲಿಸಬೇಕೇ?
— ರೈತರೊಬ್ಬರು, ಆಳಂದ

ರಿಮ್ಮು ಬದಲಿಸಬೇಡಿ. ಟಯರನ್ನು ಇನ್ನೂ ಜಗ್ಗಲೂ ಬೇಡಿ, ಅಂಚಿನ ತಂತಿ ಮುರಿದರೆ ವಾಪಸ್ ಕೊಡಲೂ ಬಾರದು. ನಿಮ್ಮ ರಿಮ್ಮು ಸರಿಯಾಗಿದೆ, ಬಂದಿರುವ ಟಯರು ಬೇರೆ ಜಾತಿಯದು.

ಹೊಸ ಟಯರಿನ ಪಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ದೊಡ್ಡ ಅಕ್ಷರದ 28 × 1.75 ಹತ್ತಿರವೇ ಸಣ್ಣದಾಗಿ 47-622 ಎಂದು ಅಚ್ಚಾಗಿರುತ್ತದೆ. ನಿಮ್ಮ ಹಳೆಯ ಟಯರಿನಲ್ಲಿ ಅಕ್ಷರ ಉಳಿದಿದ್ದರೆ ಅದೇ ಜಾಗದಲ್ಲಿ 40-635 ಎಂದಿರುತ್ತದೆ. ನಿಜವಾದ ಅಳತೆ ಅದೇ. ಇಟಿಆರ್‌ಟಿಒ ಎಂಬ ಯುರೋಪಿನ ಟಯರು–ರಿಮ್ಮು ಸಂಸ್ಥೆ ರೂಪಿಸಿದ ಈ ಪದ್ಧತಿ ಈಗ ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕವಾಗಿದೆ. ಗೆರೆಯ ಹಿಂದಿನ ಅಂಕಿ, ಹವಾ ತುಂಬಿದಾಗ ಟಯರು ಎಷ್ಟು ಮಿಲಿಮೀಟರ್ ಅಗಲ ಇರುತ್ತದೆ ಎಂಬುದು. ಗೆರೆಯ ಮುಂದಿನ ಮೂರಂಕಿ, ಟಯರಿನ ತಂತಿಯ ಅಂಚು ರಿಮ್ಮಿನ ಒಳಗೆ ಎಲ್ಲಿ ಕೂರುತ್ತದೋ ಆ ಜಾಗದ ವ್ಯಾಸ. ಅಗಲದಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಮೂರಂಕಿಯಲ್ಲಿ ಒಂದು ಮಿಲಿಮೀಟರೂ ರಾಜಿ ಇಲ್ಲ.

622 ಮತ್ತು 635 ನಡುವೆ ವ್ಯಾಸದಲ್ಲಿ 13 ಮಿ.ಮೀ. ಅಂತರ. ಕೇಳಲು ಸಣ್ಣದು, ಆದರೆ ಸುತ್ತಳತೆಗೆ ತಂದರೆ ಸುಮಾರು 41 ಮಿ.ಮೀ. ನಾಲ್ಕು ಸೆಂಟಿಮೀಟರ್ ಗಿಡ್ಡ ಇರುವ ಉಕ್ಕಿನ ತಂತಿ ಎಷ್ಟು ಜಗ್ಗಿದರೂ ಹಿಗ್ಗುವುದಿಲ್ಲ. ಇದರ ಉಲ್ಟಾ ಇನ್ನೂ ಅಪಾಯ. 635ರ ಟಯರನ್ನು 622ರ ರಿಮ್ಮಿಗೆ ಹಾಕಿದರೆ ಸಲೀಸಾಗಿ ಏರುತ್ತದೆ, ಹವಾ ತುಂಬುತ್ತಿದ್ದಂತೆ ಒಂದು ಕಡೆ ಅಂಚು ದಾಟಿ ಟ್ಯೂಬು ಹೊರಬಂದು ಒಡೆಯುತ್ತದೆ. ಓಡುವಾಗ ಹಾಗಾದರೆ ಸವಾರ ನೆಲಕ್ಕೆ.

ಎರಡಕ್ಕೂ 28 ಎಂಬ ಹೆಸರು ಯಾಕೆ ಬಂತು? ಇಂಚಿನ ಲೆಕ್ಕ ಶುರುವಾದಾಗ ಟಯರಿನ ಹೊರ ವ್ಯಾಸವನ್ನು ಹಿಡಿದು ಹೆಸರಿಡುತ್ತಿದ್ದರು. ನಿಮ್ಮ ಸೈಕಲ್ಲಿನ 635ಕ್ಕೆ ಎರಡೂ ಬದಿಯ ಒಂದೂವರೆ ಇಂಚು, ಅಂದರೆ 38 ಮತ್ತು 38 ಕೂಡಿಸಿ: 711 ಮಿ.ಮೀ., ಸರಿಯಾಗಿ 28 ಇಂಚು. ಫ್ರಾನ್ಸಿನವರು ಇದೇ ರೀತಿ ಹೊರ ವ್ಯಾಸವನ್ನು 700 ಎಂದು ಇಟ್ಟುಕೊಂಡು ಟಯರಿನ ದಪ್ಪಕ್ಕೆ ಎ, ಬಿ, ಸಿ ಎಂಬ ಅಕ್ಷರ ಸೇರಿಸಿದರು. ಸಿ ದಪ್ಪದ್ದು: 622ಕ್ಕೆ 39 ಮತ್ತು 39 ಕೂಡಿಸಿದರೆ 700. ಇವತ್ತಿನ 700ಸಿ ಅದೇ. ದಪ್ಪ ಬದಲಾಗುತ್ತಾ ಹೋಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಈಗ 622ರ ಒಂದೇ ರಿಮ್ಮಿಗೆ ಮೂರು ಹೆಸರಿವೆ. ತೆಳ್ಳಗಿನ ಟಯರು ಹಾಕಿದರೆ 700ಸಿ, ಯುರೋಪಿನ ಊರ ಸೈಕಲ್ಲಿಗೆ ಹಾಕಿದರೆ 28, ಎರಡು ಇಂಚಿಗಿಂತ ದಪ್ಪ ಗುಬಟಿನ (ಮೇಲ್ಮೈಯಲ್ಲಿ ಉಬ್ಬುಗಳಿರುವ) ಟಯರು ಹಾಕಿದರೆ 29. ಆನ್‌ಲೈನ್‌ನಲ್ಲಿ 28 ಎಂದು ಹುಡುಕಿದಾಗ ಈ ಗುಂಪಿನ ಟಯರುಗಳೂ ಎದುರಿಗೆ ಬರುತ್ತವೆ. ನಮ್ಮ ದಂಡಿ ಸೈಕಲ್ಲಿನ, ಅಂದರೆ ನಿಮ್ಮದರಂಥ ಹಳೆಯ ಕರಿ ಸೈಕಲ್ಲಿನ, 28 ಅವುಗಳ ಸಾಲಿಗೆ ಸೇರಿದ್ದಲ್ಲ.

ಬಂದ ಟಯರನ್ನು ವಾಪಸ್ ಮಾಡಿ, ಕಲಬುರಗಿಯ ಯಾವುದೇ ಹಳೆಯ ಸೈಕಲ್ ಅಂಗಡಿಯಲ್ಲಿ 28 × 1½ ಕೇಳಿ. ಕೈಗೆ ತಗೊಂಡ ಮೇಲೆ 635 ಎಂಬ ಅಂಕಿ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರುವವರಾದರೆ ಹಿಂದಿನ ಗಾಲಿಗೆ ಅದೇ ಅಳತೆಯಲ್ಲಿ ಹೆಚ್ಚು ಪದರದ ಬಟ್ಟೆ ಇರುವ ಭಾರದ ಟಯರು ಸಿಗುತ್ತದೆ, ಅದನ್ನೇ ಹಾಕಿಸಿ.

ಟ್ಯೂಬಿಗೆ ಮಾತ್ರ ಇಷ್ಟು ಕಟ್ಟುನಿಟ್ಟಿಲ್ಲ. ರಬ್ಬರು ಹಿಗ್ಗುವುದರಿಂದ ಒಂದೇ ಟ್ಯೂಬು 622ಕ್ಕೂ 635ಕ್ಕೂ ಒಗ್ಗುತ್ತದೆ, ಅಗಲ ಹೊಂದಿದರೆ ಸಾಕು. ನೀವು ಟಯರಿನ ಜೊತೆ ಟ್ಯೂಬನ್ನೂ ತರಿಸಿದ್ದರೆ ಅದನ್ನು ಇಟ್ಟುಕೊಳ್ಳಬಹುದು. ವಾಲ್ವು ನಿಮ್ಮ ರಿಮ್ಮಿನ ತೂತಿಗೆ ಹೊಂದುತ್ತದೆಯೇ ಎಂದಷ್ಟು ನೋಡಿಕೊಳ್ಳಿ.

ನಮ್ಮ ಶಾಲೆಗೆ ಬರುವ ಮಕ್ಕಳ ಸೈಕಲ್‌ಗಳಲ್ಲಿ ಕೆಲವು 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯವು, ಅಕ್ಕನಿಂದ ತಂಗಿಗೆ ಬಂದವು. ಕೆಲವು ದಪ್ಪ ಟಯರಿನ ಹೊಸವು. ಎಲ್ಲದರ ಮೇಲೂ 26 ಅಂತಲೇ ಇದೆ, ಮುಂದೆ ಮಾತ್ರ 1⅜, 1.75, 1.95 ಅಂತ ಬೇರೆ ಬೇರೆ. ಒಂದರದು ಒಂದಕ್ಕೆ ಬರುತ್ತದೆಯೇ?
— ಶಿಕ್ಷಕಿ, ಶಹಾಪುರ

1.75 ಮತ್ತು 1.95 ಪರಸ್ಪರ ಬರುತ್ತವೆ. 1⅜ ಆ ಎರಡಕ್ಕೂ ಬರುವುದಿಲ್ಲ.

ಮೇಡಂ, ಇಂಚಿನ ಅಳತೆ ಭಿನ್ನರಾಶಿಯಲ್ಲಿದೆಯೋ ದಶಮಾಂಶದಲ್ಲಿದೆಯೋ ಎಂಬುದನ್ನು ಮೊದಲು ನೋಡಬೇಕು. ಗಣಿತದಲ್ಲಿ 1¾ ಮತ್ತು 1.75 ಒಂದೇ. ಟಯರಿನಲ್ಲಿ ಅಲ್ಲ. 26 × 1.75, 1.95, 2.10, 2.125 ಎಂದು ಚುಕ್ಕಿ ಇಟ್ಟು ಬರೆದವೆಲ್ಲ 559ರ ರಿಮ್ಮಿನವು. ಗುಬಟು ಟಯರಿನ ಎಂಟಿಬಿ (ಗುಡ್ಡಗಾಡಿನ) ಸೈಕಲ್‌ಗಳು ಈ ಗುಂಪಿಗೆ ಸೇರುತ್ತವೆ. 26 × 1⅜ ಎಂಬುದು 590, ಅಂದರೆ ತೆಳ್ಳಗಿನ ಟಯರಿನ ಹೆಣ್ಣುಮಕ್ಕಳ ಸೈಕಲ್‌ಗಳ ಸಾಮಾನ್ಯ ಅಳತೆ. 26 × 1½ ಎಂದರೆ 584. 26 × 1¾ ಎಂದರೆ 571. ಹೆಸರು ಒಂದೇ 26, ರಿಮ್ಮು ನಾಲ್ಕು ಥರ. ಅದರಲ್ಲೂ 584 ಮತ್ತು 590 ನಡುವೆ ಬರೀ 6 ಮಿ.ಮೀ. ವ್ಯತ್ಯಾಸ. ಕಣ್ಣಳತೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅಂಗಡಿಯವರಿಗೂ.

ಈಗ 27.5 ಎಂದು ಮಾರುವ ಸೈಕಲ್ಲುಗಳ ರಿಮ್ಮು ಕೂಡ 584ರದೇ. ಅಂದರೆ ಹಳೆಯ 26 × 1½ ಮತ್ತು ಹೊಸ 27.5ರದು ಒಂದೇ ವ್ಯಾಸ.

ಶಾಲೆಯಲ್ಲಿ ಒಂದು ಕೆಲಸ ಮಾಡಿಸಬಹುದು. ಪ್ರತಿ ಮಗುವೂ ತನ್ನ ಸೈಕಲ್ಲಿನ ಆ ಎರಡು ಅಂಕಿಗಳನ್ನು, 37-590 ಅಥವಾ 50-559 ಎಂದೋ ಇನ್ನೇನಿದೆಯೋ ಅದನ್ನು, ಪೇಂಟಿನಲ್ಲಿ ಚೈನ್ ಕವರಿನ ಒಳಮೈಗೆ ಬರೆದಿಡಲಿ. ಟಯರು ಸವೆದು ಅಕ್ಷರ ಅಳಿಸಿದ ಮೇಲೂ ಅಳತೆ ಉಳಿಯುತ್ತದೆ.

ಟಯರಿನ ಮೇಲಿನ ಅಕ್ಷರ ಪೂರ್ತಿ ಹೋಗಿದೆ, ರಿಮ್ಮಿನ ಮೇಲೂ ಏನೂ ಇಲ್ಲ. ಟೇಪು ಹಿಡಿದು ಅಳೆದೆ, ರಿಮ್ಮು 634 ಮಿ.ಮೀ. ಬಂತು. ಹಾಗಾದರೆ 635ರದು ತರಲೇ?
— ಪದವಿ ವಿದ್ಯಾರ್ಥಿ, ಸೇಡಂ

ತರಬೇಡಿ. ನೀವು ಅಳೆದದ್ದು ರಿಮ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಇರಬೇಕು. ಟಯರು ಕೂರುವುದು ಅಲ್ಲಿ ಅಲ್ಲ, ಅದಕ್ಕಿಂತ ಕೆಳಗೆ. ರಿಮ್ಮಿನ ಎರಡೂ ಗೋಡೆ ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು ಎತ್ತರ ಇರುತ್ತವೆ. ಮೇಲೊಂದು, ಕೆಳಗೊಂದು, ಒಟ್ಟು 12 ಕಳೆದರೆ 622. ನಿಮ್ಮದು ಬಹುತೇಕ 622ರ ರಿಮ್ಮು. 635ರ ಟಯರು ತಂದು ಮೋಸ ಹೋಗುವುದು ಹೆಚ್ಚಾಗಿ ಈ ಲೆಕ್ಕದಲ್ಲೇ.

ಆದರೂ ಅಂದಾಜಿನ ಮೇಲೆ ದುಡ್ಡು ಹಾಕಬೇಡಿ, ಸರಿಯಾಗಿ ಅಳೆಯಿರಿ. ವ್ಯಾಸ ಅಳೆಯಲು ಹೋದರೆ ನಡುವೆ ಕಡ್ಡಿಗಳೆಲ್ಲ ಸೇರುವ ಹಬ್ಬು ಅಡ್ಡ ಬಂದು ಟೇಪು ಬಾಗುತ್ತದೆ, ಮೂರ್ನಾಲ್ಕು ಮಿಲಿಮೀಟರ್ ಆಚೀಚೆ ಆಗುತ್ತದೆ. ಸುತ್ತಳತೆ ಅಳೆದರೆ ಆ ತಪ್ಪು ಬರುವುದಿಲ್ಲ.

ಟಯರು, ಟ್ಯೂಬು ತೆಗೆದು ರಿಮ್ಮನ್ನು ಒರೆಸಿ. ರಿಮ್ಮಿನ ಒಳಗೆ ಬೆರಳಾಡಿಸಿದರೆ ನಟ್ಟನಡುವೆ, ಕಡ್ಡಿಗಳನ್ನು ಬಿಗಿಯುವ ನಿಪ್ಪಲ್ ಕಾಣುವ ಕಡೆ, ಒಂದು ತಗ್ಗು ಸಿಗುತ್ತದೆ. ಅದರ ಎರಡೂ ಬದಿ, ಗೋಡೆಯ ಬುಡಕ್ಕೆ ಹತ್ತಿಕೊಂಡು, ಕಿರಿದಾದ ಕಟ್ಟೆಯಂಥ ಜಾಗ ಇರುತ್ತದೆ. ಟಯರಿನ ತಂತಿ ಕೂರುವುದು ಆ ಕಟ್ಟೆಯ ಮೇಲೆ. ಹಿಗ್ಗದ ದಾರ ತಗೊಳ್ಳಿ. ಮೀನು ಹಿಡಿಯುವ ನೈಲಾನ್ ದಾರ ಹಿಗ್ಗುತ್ತದೆ, ಬೇಡ. ತೆಳ್ಳಗಿನ ಬೈಂಡಿಂಗ್ ತಂತಿ ಅಥವಾ ಗೋಣಿ ಹೊಲಿಯುವ ಗಟ್ಟಿ ದಾರ ಆದೀತು. ಅದನ್ನು ಒಂದು ಬದಿಯ ಕಟ್ಟೆಯ ಮೇಲೆ ಬಿಗಿಯಾಗಿ ಒಂದು ಸುತ್ತು ಹಾಕಿ, ಕೂಡುವ ಜಾಗಕ್ಕೆ ಪೆನ್ನಿನಿಂದ ಗುರುತು ಮಾಡಿ, ನೆಲದ ಮೇಲೆ ಚಾಚಿ ಸ್ಟೀಲಿನ ಟೇಪಿನಿಂದ ಅಳೆಯಿರಿ. ದಾರ ನಡುವಿನ ತಗ್ಗಿಗೆ ಜಾರಿದರೆ ಅಳತೆ ಕಮ್ಮಿ ಬರುತ್ತದೆ, ಆದ್ದರಿಂದ ಇಬ್ಬರು ಇದ್ದರೆ ಒಳ್ಳೆಯದು.

1995 ಮಿ.ಮೀ. ಆಸುಪಾಸು ಬಂದರೆ 635, 1954 ಬಂದರೆ 622. 1854 ಬಂದರೆ 590, 1835 ಬಂದರೆ 584, 1794 ಬಂದರೆ 571, 1756 ಬಂದರೆ 559. ಚಿಕ್ಕ ಗಾಲಿಗಳಲ್ಲಿ 1593 ಬಂದರೆ 507, 1275 ಬಂದರೆ 406. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 19 ಮಿ.ಮೀ. ಅಂತರ ಇರುವುದರಿಂದ ನಾಲ್ಕೈದು ಮಿಲಿಮೀಟರ್ ತಪ್ಪಿದರೂ ಉತ್ತರ ತಪ್ಪುವುದಿಲ್ಲ. ನಡುವೆ ಎಲ್ಲೋ 1979 ಬಂದರೆ ಗಾಬರಿ ಬೇಡ, ಅದು 27 × 1¼ ಎಂಬ ಹಳೆಯ ರೇಸಿಂಗ್ ಸೈಕಲ್ಲಿನ 630ರ ರಿಮ್ಮು. 27 ಎಂಬ ಹೆಸರಿದ್ದರೂ ಅದರ ರಿಮ್ಮು 622ರ 28ಕ್ಕಿಂತ ದೊಡ್ಡದು.

ಹೊಲದ ದಾರಿಯಲ್ಲಿ ಬಳ್ಳಾರಿ ಜಾಲಿ ಮುಳ್ಳಿನ ಕಾಟ. ವಾರಕ್ಕೊಮ್ಮೆಯಾದರೂ ಪಂಕ್ಚರ್. ನನ್ನದು 26 × 1.95. ಇನ್ನೂ ಅಗಲದ ಟಯರು ಹಾಕಿದರೆ ಪಂಕ್ಚರ್ ಕಮ್ಮಿ ಆಗುತ್ತದೆಯೇ? ಎಷ್ಟು ಅಗಲದ್ದು ಹಾಕಬಹುದು?
— ಸುರಪುರ ತಾಲ್ಲೂಕಿನ ಓದುಗರು

ಅಗಲದಿಂದ ಮುಳ್ಳು ನಿಲ್ಲುವುದಿಲ್ಲ. ಮುಳ್ಳನ್ನು ತಡೆಯುವುದು ಟಯರಿನ ನಡುವಿನ ರಬ್ಬರಿನ ದಪ್ಪ ಮತ್ತು ಅದರ ಕೆಳಗಿನ ಪದರ. ಅಗಲದ ಟಯರಿನಲ್ಲಿ ಕಡಿಮೆ ಹವಾ ಇಟ್ಟು ಓಡಿಸಬಹುದು, ಕಲ್ಲಿನ ಮೇಲೆ ಏರಿದಾಗ ಟ್ಯೂಬು ರಿಮ್ಮಿಗೆ ಜಜ್ಜಿ ಆಗುವ ಪಂಕ್ಚರ್ ತಪ್ಪುತ್ತದೆ. ಜಜ್ಜಿದ ಪಂಕ್ಚರನ್ನು ಗುರುತಿಸುವುದು ಸುಲಭ, ಪಕ್ಕಪಕ್ಕ ಎರಡು ತೂತು ಇರುತ್ತವೆ. ಮುಳ್ಳಿನದು ಒಂದೇ ತೂತು. ನಿಮ್ಮದು ಯಾವುದು ಎಂದು ಮುಂದಿನ ಸಲ ಟ್ಯೂಬು ನೀರಿಗೆ ಹಾಕಿದಾಗ ನೋಡಿ.

ಮುಳ್ಳಿನದೇ ಆದರೆ, ಅದೇ ಮುಳ್ಳು ಮತ್ತೆ ಮತ್ತೆ ಚುಚ್ಚುತ್ತಿರುವ ಸಾಧ್ಯತೆ ಬಹಳ. ಜಾಲಿ ಮುಳ್ಳು ಟಯರಿನ ಹೊರಮೈಗೆ ಸರಿಸಮವಾಗಿ ಮುರಿದು, ತುದಿ ಒಳಗೆ ಉಳಿಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಪಂಕ್ಚರ್ ಹಾಕಿಸುವಾಗ ಟಯರಿನ ಒಳಮೈ ಪೂರ್ತಿ ಒಂದು ಹತ್ತಿ ಬಟ್ಟೆ ಆಡಿಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬೆರಳಿನಿಂದ ಹುಡುಕಬೇಡಿ, ಬೆರಳಿಗೇ ಚುಚ್ಚುತ್ತದೆ. ಟಯರನ್ನು ಆ ಜಾಗದಲ್ಲಿ ಹಿಂದಕ್ಕೆ ಮಡಚಿದರೆ ತುದಿ ಮೇಲೆ ಬರುತ್ತದೆ, ಇಕ್ಕಳದಿಂದ ಒಳಗಿನಿಂದಲೇ ಎಳೆಯಿರಿ. ಇದಾದ ಮೇಲೆ ಟಯರು ಮತ್ತು ಟ್ಯೂಬಿನ ನಡುವೆ ಕೂರುವ ಲೈನರ್ ಪಟ್ಟಿ ಹಾಕಿಸಬಹುದು. ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಬರುವ ಕಡೆ ಅಂಚು ಚೂಪಾಗಿದ್ದರೆ ಅದೇ ಟ್ಯೂಬನ್ನು ತಿಕ್ಕಿ ತೂತು ಮಾಡುತ್ತದೆ, ಮರಳು ಕಾಗದದಿಂದ ದುಂಡಗೆ ಮಾಡಿಸಿ. ಸೀಲಂಟ್ ದ್ರವ ಹಾಕುವುದಾದರೆ ನಿಮ್ಮ ಅಳತೆಯ ಟ್ಯೂಬಿಗೆ ಸುಮಾರು 120 ಮಿ.ಲೀ. ಬೇಕು. ಅದು ಮುಳ್ಳಿನ ತೂತು ಮುಚ್ಚುತ್ತದೆ, ಜಜ್ಜಿದ ಸೀಳು ಮುಚ್ಚುವುದಿಲ್ಲ.

ಅಗಲ ಎಷ್ಟು ಸಾಧ್ಯ ಎಂಬುದನ್ನು ಎರಡು ಜಾಗ ತೀರ್ಮಾನಿಸುತ್ತವೆ. ಒಂದು, ರಿಮ್ಮಿನ ಒಳ ಅಗಲ, ಅಂದರೆ ಗೋಡೆಯಿಂದ ಗೋಡೆಗೆ. ಟಯರಿನ ಅಗಲ ಇದರ ಒಂದೂವರೆಯಿಂದ ಎರಡೂವರೆ ಪಟ್ಟಿನ ಒಳಗಿದ್ದರೆ ನಿಶ್ಚಿಂತೆ. 25 ಮಿ.ಮೀ. ಒಳ ಅಗಲ ಇದ್ದರೆ 37ರಿಂದ 62ರವರೆಗೆ. ಕಿರಿದಾದ ರಿಮ್ಮಿಗೆ ಬಹಳ ಅಗಲದ ಟಯರು ಹಾಕಿದರೆ ತಿರುವಿನಲ್ಲಿ ಟಯರು ಪಕ್ಕಕ್ಕೆ ಹೊರಳುತ್ತದೆ, ಹ್ಯಾಂಡಲ್ ತೇಲಿದಂತಾಗುತ್ತದೆ. ಎರಡನೆಯದು, ಸೈಕಲ್ಲಿನ ಚೌಕಟ್ಟಿನಲ್ಲಿರುವ ಸಂದು. ಪೆಡಲಿನ ಹಿಂದೆ ಎರಡು ಪೈಪುಗಳ ನಡುವೆ ಗಾಲಿ ಹಾಯುವ ಜಾಗ, ಮುಂದಿನ ಫೋರ್ಕಿನ ನೆತ್ತಿ, ಮಡ್‌ಗಾರ್ಡಿನ ಒಳಮೈ, ಈ ಮೂರು ಕಡೆ ಟಯರಿನಿಂದ ಎಷ್ಟು ಜಾಗ ಇದೆ ನೋಡಿ. ಒಣ ರಸ್ತೆಗೆ ಎಲ್ಲಾ ಕಡೆ ಕನಿಷ್ಠ 6 ಮಿ.ಮೀ. ಉಳಿಯಬೇಕು.

ಆದರೆ ನಿಮ್ಮದು ಎರೆ ಭೂಮಿ. ಮಳೆ ಬಿದ್ದ ಮೇಲೆ ಕರಿ ಮಣ್ಣು ಟಯರಿಗೆ ಪದರ ಪದರವಾಗಿ ಅಂಟಿ ಮಡ್‌ಗಾರ್ಡಿನ ಒಳಗೆ ಹೆಪ್ಪುಗಟ್ಟಿ ಗಾಲಿಯನ್ನೇ ನಿಲ್ಲಿಸುತ್ತದೆ. ಅಲ್ಲಿ ಟಯರು ಅಗಲ ಮಾಡಿದಷ್ಟೂ ಸಂದು ಕಮ್ಮಿಯಾಗಿ ತೊಂದರೆ ಹೆಚ್ಚು. ಆದ್ದರಿಂದ 2.10, ಅಂದರೆ 54-559 ದಾಟಬೇಡಿ. ಗುಬಟುಗಳ ನಡುವೆ ಹೆಚ್ಚು ಅಂತರ ಇರುವ ಟಯರನ್ನೇ ಆರಿಸಿ, ಅಂಥದ್ದು ಮಣ್ಣನ್ನು ಬೇಗ ಉದುರಿಸುತ್ತದೆ. ಒತ್ತೊತ್ತಾಗಿ ಸಣ್ಣ ಗುಬಟು ಇರುವುದು ಎರೆಯಲ್ಲಿ ಎರಡು ಸುತ್ತಿಗೆ ನುಣ್ಣಗಾಗಿಬಿಡುತ್ತದೆ.

ಬೇಸಿಗೆಯಲ್ಲಿ ಬಿಸಿಲಿಗೆ ಟಯರು ಒಡೆಯುತ್ತದೆ, ಹವಾ ಅರ್ಧ ಇಡು ಅಂತ ಎಲ್ಲರೂ ಹೇಳುತ್ತಾರೆ. ಹೋದ ಏಪ್ರಿಲ್‌ನಲ್ಲಿ ನಿಲ್ಲಿಸಿದ ಸೈಕಲ್ಲಿನ ಟ್ಯೂಬು ಪಟಾಕಿಯ ಹಾಗೆ ಒಡೆಯಿತು. ಎಷ್ಟು ಹವಾ ಇಡಬೇಕು?
— ಕಲಬುರಗಿ ನಗರದ ಓದುಗರು

ಬಿಸಿಲು ಒಂದರಿಂದಲೇ ಒಳ್ಳೆಯ ಟಯರು ಒಡೆಯುವುದಿಲ್ಲ. ಲೆಕ್ಕ ಹಾಕಿ ನೋಡಬಹುದು. ಬೆಳಿಗ್ಗೆ 25 ಡಿಗ್ರಿಯಲ್ಲಿ 40 ಪಿಎಸ್‌ಐ (ಹವಾದ ಒತ್ತಡದ ಅಳತೆ) ತುಂಬಿದ ಟಯರು ಮಧ್ಯಾಹ್ನ ಬಿಸಿಲಲ್ಲಿ ನಿಂತು 55 ಡಿಗ್ರಿಗೆ ಕಾದರೂ ಒತ್ತಡ ಏರುವುದು 5–6 ಪಿಎಸ್‌ಐ ಮಾತ್ರ. ಪಕ್ಕೆಯಲ್ಲಿ 40ರಿಂದ 65 ಎಂದು ಬರೆದಿರುವ ಟಯರಿಗೆ ಅದು ಏನೂ ಅಲ್ಲ.

ಒಡೆಯಲು ಕಾರಣಗಳು ಬೇರೆ. ಮೊದಲನೆಯದು ಲಾರಿ, ಕಾರಿಗೆ ಹವಾ ಹೊಡೆಯುವ ಕಂಪ್ರೆಸರ್. ಸೈಕಲ್ ಟಯರಿನಲ್ಲಿ ಹಿಡಿಯುವ ಗಾಳಿಯೇ ಸ್ವಲ್ಪ. ಕಂಪ್ರೆಸರಿನ ನಳಿಗೆಯನ್ನು ಕೆಲವೇ ಕ್ಷಣ ಹೆಚ್ಚು ಒತ್ತಿದರೂ ಮಿತಿ ದಾಟಿರುತ್ತದೆ, ಕೈಯಿಂದ ಅದುಮಿ ನೋಡಿದರೆ 60 ಮತ್ತು 100ರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಮೇಲೆ ಬಿಸಿಲಿನ ಆ ಐದಾರು ಪಿಎಸ್‌ಐ ಸೇರಿದಾಗ ಹೋಗುತ್ತದೆ. ಎರಡನೆಯದು, ಟಯರು ಕೂರಿಸುವಾಗ ತಂತಿಯ ಕೆಳಗೆ ಟ್ಯೂಬಿನ ಒಂದು ಚೂರು ಸಿಕ್ಕಿಕೊಂಡಿರುವುದು. ನಿಧಾನವಾಗಿ ಅದು ಟಯರಿನ ಅಂಚನ್ನು ಎತ್ತುತ್ತಾ ಬಂದು ಒಂದು ಗಂಟೆಯ ಮೇಲೋ ಒಂದು ದಿನದ ಮೇಲೋ ಹೊರಬಿದ್ದು ಸಿಡಿಯುತ್ತದೆ. ನಿಂತ ಸೈಕಲ್ಲಿನ ಟ್ಯೂಬು ಪಟಾಕಿ ಸದ್ದು ಮಾಡಿದೆ ಎಂದರೆ, ಟ್ಯೂಬು ಟಯರಿನ ಹೊರಗೆ ಬಂದು ಒಡೆದಿದೆ ಎಂದೇ ಅರ್ಥ. ಟಯರಿನ ಒಳಗೇ ತೂತಾದ ಟ್ಯೂಬು ಬುಸ್ ಎನ್ನುತ್ತದೆ, ಅಷ್ಟೇ. ಹೊರಬರಲು ಒಂದೋ ಅಂಚು ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಬಿಸಿಲಿಗೆ ಬಿರುಕುಬಿಟ್ಟ ಪಕ್ಕೆ ಹರಿದಿದೆ. ಒಡೆದ ಟ್ಯೂಬು ಇನ್ನೂ ಇದ್ದರೆ ನೋಡಿ: ಸೀಳು ಉದ್ದಕ್ಕೆ, ರಿಮ್ಮಿನ ಕಡೆಗೆ ಇದ್ದರೆ ಅಂಚಿನ ತಪ್ಪು.

ಇದು ಆಗದಂತೆ ಕೂರಿಸುವ ಕ್ರಮ ಹೀಗೆ. ಟ್ಯೂಬು ದುಂಡಗಾಗುವಷ್ಟು ಮಾತ್ರ ಹವಾ ಹಾಕಿ ಟಯರಿನ ಒಳಗಿಡಿ. ಟಯರನ್ನು ವಾಲ್ವಿನ ಎದುರು ಬದಿಯಿಂದ ಏರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಬಿಗಿ ಭಾಗವನ್ನು ಕೈಯಿಂದಲೇ ಏರಿಸಿ. ಪಾನಾ, ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬು ಚಿವುಟಿಕೊಳ್ಳುತ್ತದೆ. ಉಳಿದ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಕೊಂಡು ಬಂದರೆ ಕೊನೆಗೆ ಸಡಿಲು ಸಿಗುತ್ತದೆ. ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ, ಅದರ ಬುಡದ ದಪ್ಪ ರಬ್ಬರು ಅಂಚಿನ ಕೆಳಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. 15–20 ಪಿಎಸ್‌ಐ ತುಂಬಿ ನಿಲ್ಲಿಸಿ. ಟಯರಿನ ಪಕ್ಕೆಯಲ್ಲಿ ರಿಮ್ಮಿಗೆ ಹತ್ತಿರ ಸುತ್ತಲೂ ಒಂದು ಸಣ್ಣ ಗೆರೆ ಇದೆ. ಗಾಲಿ ತಿರುಗಿಸಿ ಎರಡೂ ಬದಿ ನೋಡಿ. ಆ ಗೆರೆ ಎಲ್ಲಾ ಕಡೆ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಎಲ್ಲಾದರೂ ಮುಳುಗಿದ್ದರೆ ಅಥವಾ ಎದ್ದಿದ್ದರೆ ಹವಾ ಬಿಟ್ಟು ಆ ಜಾಗ ಅದುಮಿ ಮತ್ತೆ ತುಂಬಿ. ಸರಿ ಕಂಡ ಮೇಲೆಯೇ ಪೂರ್ತಿ ಒತ್ತಡ.

ಅರ್ಧ ಹವಾ ಇಡುವುದು ತಪ್ಪು ಸಲಹೆ. ಟಯರು ಚಪ್ಪಟೆಯಾಗಿ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿರುಕು ಬಿಡುತ್ತದೆ, ಟ್ಯೂಬು ಜಜ್ಜುತ್ತದೆ. 65–70 ಕೆ.ಜಿ. ಸವಾರರಿಗೆ ದಂಡಿ ಸೈಕಲ್ಲಿನ 28 × 1½ಕ್ಕೆ 45–55 ಪಿಎಸ್‌ಐ, 26 × 1.95ಕ್ಕೆ 35–45, 700 × 35ಕ್ಕೆ 50–65, ತೆಳ್ಳಗಿನ 700 × 25ಕ್ಕೆ 80–90. ಹಿಂದಿನ ಗಾಲಿಯ ಮೇಲೆ ಭಾರ ಹೆಚ್ಚು, ಅಲ್ಲಿ ನಾಲ್ಕೈದು ಹೆಚ್ಚಿಗೆ ಇಡಿ. ಟಯರಿನ ಪಕ್ಕೆಯಲ್ಲಿ ಬರೆದ ಗರಿಷ್ಠ ಮಿತಿ ಮಾತ್ರ ದಾಟಬಾರದು. ಕೆಲವು ಟಯರುಗಳಲ್ಲಿ ಕಿಲೊಪಾಸ್ಕಲ್ ಅಥವಾ ಬಾರ್ ಲೆಕ್ಕ ಇರುತ್ತದೆ: 100 ಕಿಲೊಪಾಸ್ಕಲ್ ಅಂದರೆ 1 ಬಾರ್, ಅಂದರೆ 14.5 ಪಿಎಸ್‌ಐ. ಮೀಟರ್ ಇರುವ ನಿಲ್ಲುವ ಪಂಪು ಒಂದು ಮನೆಯಲ್ಲಿದ್ದರೆ ಕಂಪ್ರೆಸರಿನ ಸಹವಾಸವೇ ಬೇಕಿಲ್ಲ.

ಮಗಳಿಗೆ ಏಳು ವರ್ಷ. 24 ಇಂಚಿನದು ತಗೊಳ್ಳಿ, ಬಹಳ ವರ್ಷ ಬರುತ್ತದೆ ಅನ್ನುತ್ತಾರೆ ಅಂಗಡಿಯವರು. ಸರಿಯೇ?
— ಪೋಷಕರು, ಬೀದರ್

ಬೇಡ. ಏಳು ವರ್ಷಕ್ಕೆ ಸಾಮಾನ್ಯವಾಗಿ 20 ಇಂಚು ಸರಿಹೋಗುತ್ತದೆ. ವಯಸ್ಸಿಗಿಂತ ಕಾಲಿನ ಉದ್ದ ನೋಡಿ: ಸೀಟು ಪೂರ್ತಿ ಇಳಿಸಿ ಕೂರಿಸಿದಾಗ ಎರಡೂ ಪಾದ ನೆಲಕ್ಕೆ ತಾಗಬೇಕು, ಸೀಟಿನಿಂದ ಇಳಿದು ನಿಂತಾಗ ನಡುವಿನ ಪೈಪು ತೊಡೆಗೆ ಒತ್ತಬಾರದು, ಬ್ರೇಕಿನ ಹಿಡಿಕೆ ಅವಳ ಬೆರಳಿಗೆ ಎಟುಕಬೇಕು. ದೊಡ್ಡ ಸೈಕಲ್ ಕೊಟ್ಟರೆ ನಿಲ್ಲಿಸುವಾಗ ಕಾಲು ಸಿಗದೆ ಬೀಳುತ್ತಾಳೆ, ಸೈಕಲ್ಲಿಗೇ ಹೆದರುತ್ತಾಳೆ. ಮಗುವಿನ ಇವತ್ತಿನ ಅಳತೆಗೇ ಕೊಡಿಸಿ.

ಟಯರು ಬದಲಿಸುವಾಗ ನೆನಪಿರಲಿ: ಮಕ್ಕಳ 16 ಇಂಚಿನ ದಪ್ಪ ಟಯರು 305, 20ರದು 406, 24ರದು 507. 20 × 1⅜ ಎಂಬುದೂ ಇದೆ, ಅದು 451. 20 × 1.75ಕ್ಕೆ ಬರುವುದಿಲ್ಲ. ದೊಡ್ಡವರ ಸೈಕಲ್ಲಿನ ವಿವರದಲ್ಲಿ '26 ಇಂಚು, 18 ಇಂಚು' ಎಂದು ಎರಡು ಅಳತೆ ಕಂಡರೆ ಮೊದಲನೆಯದು ಗಾಲಿ, ಎರಡನೆಯದು ಚೌಕಟ್ಟು. ಸವಾರರ ಎತ್ತರಕ್ಕೆ ಹೊಂದಬೇಕಾದದ್ದು ಎರಡನೆಯದು.

ದಂಡಿ ಸೈಕಲ್ಲಿನ ಹಿಂದಿನ ರಿಮ್ಮು ತೊಗರಿ ಚೀಲ ಹೇರಿ ಬಾಗಿಹೋಗಿದೆ. ಅಲ್ಯೂಮಿನಿಯಂ ರಿಮ್ಮು ಹಾಕಿಸಿದರೆ ಹಗುರ ಅಲ್ಲವೇ?
— ಭಾಲ್ಕಿಯ ಓದುಗರು

ಹಗುರವೇನೋ ಹೌದು, ನಿಮ್ಮ ಸೈಕಲ್ಲಿಗೆ ಹೊಂದುವುದಿಲ್ಲ. ಮೊದಲು ಕಡ್ಡಿ ಎಣಿಸಿ. ದಂಡಿ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ ಇರುವುದು ಹಳೆಯ ಇಂಗ್ಲಿಷ್ ಪದ್ಧತಿ. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ರಿಮ್ಮಿಗೆ ಹೆಚ್ಚಾಗಿ 36 ತೂತು. 40 ತೂತಿನ ಹಬ್ಬಿಗೆ 36ರ ರಿಮ್ಮು ಹೆಣೆಯಲು ಬಾರದು.

ಇನ್ನು ಬ್ರೇಕು. ನಿಮ್ಮದು ಸರಳಿನ ಬ್ರೇಕು ಇದ್ದರೆ ಅದರ ಗುಟ್ಟಿಗಳು ರಿಮ್ಮಿನ ಒಳಮೈಗೆ, ಹಬ್ಬಿನ ಕಡೆಯಿಂದ, ಒತ್ತುತ್ತವೆ. ಅದಕ್ಕಾಗಿಯೇ ಆ ರಿಮ್ಮಿನ ಎರಡೂ ಅಂಚು ದುಂಡಗಿದ್ದು ನಡುವೆ ಬಳೆಯಂತೆ ಉಬ್ಬಿರುತ್ತದೆ. ಅಲ್ಯೂಮಿನಿಯಂ ರಿಮ್ಮಿನ ಪಕ್ಕೆ ಚಪ್ಪಟೆ, ತಂತಿ ಬ್ರೇಕು ಪಕ್ಕದಿಂದ ಹಿಡಿಯಲೆಂದು ಮಾಡಿದ್ದು. ಒಂದರ ಬ್ರೇಕು ಇನ್ನೊಂದರ ಮೇಲೆ ಕೆಲಸ ಮಾಡುವುದಿಲ್ಲ.

40 ತೂತಿನ 28 × 1½ ಉಕ್ಕಿನ ರಿಮ್ಮನ್ನೇ ಹಾಕಿಸಿ. ಹಳೆಯ ಕಡ್ಡಿ ಮತ್ತೆ ಬಳಸುವುದಾದರೆ, ಬಿಗಿ ಮಾಡಿದ ಮೇಲೆ ಕಡ್ಡಿಯ ತುದಿ ನಿಪ್ಪಲ್ಲಿನ ತಲೆಯ ಗೀರಿನವರೆಗೆ ಬರಬೇಕು. ಅದಕ್ಕಿಂತ ಮೇಲೆ ಚಾಚಿದ್ದರೆ ಅರ ಹಾಕಿ ತಿಕ್ಕಿ ಸಮ ಮಾಡಿಸಿ, ಇಲ್ಲವಾದರೆ ಟ್ಯೂಬಿಗೆ ಒಳಗಿನಿಂದಲೇ ಚುಚ್ಚುತ್ತದೆ. ಆಮೇಲೆ ರಿಮ್ ಪಟ್ಟಿ, ಅಂದರೆ ನಿಪ್ಪಲ್ಲುಗಳು ಟ್ಯೂಬಿಗೆ ತಾಗದಂತೆ ರಿಮ್ಮಿನ ಒಳಗೆ ಸುತ್ತುವ ಪಟ್ಟಿ. ಹಳೇ ಟ್ಯೂಬು ಕತ್ತರಿಸಿ ಸುತ್ತುವುದು ನಮ್ಮ ಕಡೆ ರೂಢಿ, ಕಡಿಮೆ ಒತ್ತಡದ ದಂಡಿ ಸೈಕಲ್ಲಿಗೆ ಅದು ಸಾಕು. ಜೋಡಿ ಗೋಡೆಯ ಅಲ್ಯೂಮಿನಿಯಂ ರಿಮ್ಮಿನಲ್ಲಿ, 80 ಪಿಎಸ್‌ಐ ತುಂಬುವ ಕಡೆ, ಆ ರಬ್ಬರು ನಿಪ್ಪಲ್ಲಿನ ತೂತಿನೊಳಗೆ ಕುಸಿದು ಟ್ಯೂಬು ಹರಿಯುತ್ತದೆ. ಅಲ್ಲಿ ಗಟ್ಟಿ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯೇ ಬೇಕು.

ಹೊಸ ಟ್ಯೂಬಿನ ವಾಲ್ವು ತೆಳ್ಳಗಿದೆ, ರಿಮ್ಮಿನ ತೂತಿನಲ್ಲಿ ಅಲ್ಲಾಡುತ್ತದೆ. ತೊಂದರೆಯೇ?
— ಹುಮನಾಬಾದ್‌ನ ಓದುಗರು

ತೊಂದರೆ ಇದೆ. ತೆಳ್ಳಗಿನದು ಪ್ರೆಸ್ಟಾ ವಾಲ್ವು, ಅದಕ್ಕೆ 6.5 ಮಿ.ಮೀ. ತೂತು ಬೇಕು. ನಿಮ್ಮ ರಿಮ್ಮಿನದು ಮೋಟಾರ್ ಬೈಕಿನ ಥರದ ವಾಲ್ವಿಗೆ ಕೊರೆದ 8.5 ಮಿ.ಮೀ. ತೂತು. ದಂಡಿ ಸೈಕಲ್ಲಿನ ರಬ್ಬರ್ ನಳಿಗೆಯ ಡನ್ಲಪ್ ವಾಲ್ವು ಕೂಡ ಈ ದೊಡ್ಡ ತೂತಿನಲ್ಲಿ ಕೂರುತ್ತದೆ. ಪ್ರೆಸ್ಟಾ ಅಲ್ಲಾಡುತ್ತಾ ಓಡಿದರೆ ವಾಲ್ವಿನ ಬುಡದಲ್ಲಿ ರಬ್ಬರು ಕತ್ತರಿಸುತ್ತದೆ, ಆ ಜಾಗಕ್ಕೆ ಪ್ಯಾಚು ನಿಲ್ಲುವುದಿಲ್ಲ. ತೂತು ಕಿರಿದು ಮಾಡುವ ಸಣ್ಣ ಉಂಗುರದಂಥ ಬುಷ್ಷು ಸಿಗುತ್ತದೆ, ಹಾಕಿ. ಸಿಗದಿದ್ದರೆ ಟ್ಯೂಬನ್ನೇ ದಪ್ಪ ವಾಲ್ವಿನದಕ್ಕೆ ಬದಲಿಸಿಕೊಳ್ಳಿ. ಪ್ರೆಸ್ಟಾ ಇಟ್ಟುಕೊಳ್ಳುವುದಾದರೆ ಅದರ ತಲೆಗೆ ತಿರುಗಿಸುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಿ, ಅದಿದ್ದರೆ ಬೈಕಿಗೆ ಹವಾ ಹೊಡೆಯುವ ಅಂಗಡಿಯ ಪಂಪೂ ಹಿಡಿಯುತ್ತದೆ. ಹವಾ ಹೊಡೆಯುವ ಮುಂಚೆ ತುದಿಯ ಸಣ್ಣ ನಟ್ಟು ಸಡಿಲಿಸಿ ಒಮ್ಮೆ ಬೆರಳಿನಿಂದ ಒತ್ತಿ, ಆಮೇಲೆ ಅಡಾಪ್ಟರ್ ಹಾಕಿ.